ಬ್ಯಾಗಿನ ಮೇಲಿನ ಹೆಸರು

ರಿಬ್ಬನ್ನಿನ ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಪುಷ್ಪಚಕ್ರವನ್ನು ತೊಡೆಗೆ ಒರಗಿಸಿಕೊಂಡು ಕೀಪರ್ ಅದನ್ನು ಉಗುರಿನಿಂದ ಕೆದಕುತ್ತಿದ್ದ. ಹದಿನೆಂಟು ವರ್ಷ ವಿಕೆಟ್ಟಿನ ಹಿಂದೆ ಕೂತು ಚೆಂಡು ಹಿಡಿದ ಬೆರಳುಗಳು ಅವು. ಹತ್ತರಲ್ಲಿ ಏಳು ಮುರಿದು, ತಮಗೆ ತೋಚಿದ ದಿಕ್ಕಿಗೆ ಕೂಡಿಕೊಂಡಿದ್ದವು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೇ ಅವನಿಗೆ ಕಾಲು ಗಂಟೆ ಬೇಕು.

"ಏನೋ ಮಾಡ್ತಿದೀಯ ಅಲ್ಲಿ?" ಕಾರು ಓಡಿಸುತ್ತಿದ್ದ ಕ್ಯಾಪ್ಟನ್ ಕನ್ನಡಿಯಲ್ಲಿ ನೋಡಿ ಕೇಳಿದ.

"ರಿಬ್ಬನ್ ತೆಗೀತಿದೀನಿ."

"ಯಾಕೆ? ಚೆನ್ನಾಗೇ ಬರ್ದಿದಾನಲ್ಲ."

ಚೆನ್ನಾಗಿಯೇ ಬರೆದಿದ್ದ. ನೇರಳೆ ರಿಬ್ಬನ್ನಿನ ಮೇಲೆ ಚಿನ್ನದ ಅಕ್ಷರ: 'ನಮ್ಮ ಪ್ರೀತಿಯ ಇದ್ದಿಲಿಗೆ, ಕ್ಲಬ್ಬಿನ ಗೆಳೆಯರಿಂದ.' ತಪ್ಪು ಹೂವಿನ ಅಂಗಡಿಯವನದಲ್ಲ. ನಿನ್ನೆ ಬೆಳಿಗ್ಗೆ ಕ್ಲಬ್ಬಿನ ಸೆಕ್ರೆಟರಿ ಫೋನ್ ಮಾಡಿ, "ಹೂವಿನವನು ತೀರಿಕೊಂಡೋರ ಹೆಸರು ಕೇಳ್ತಿದಾನೆ, ಏನು ಹೇಳ್ಲಿ?" ಎಂದಿದ್ದ. ಹನ್ನೊಂದು ವರ್ಷ ಒಂದೇ ಬಸ್ಸು, ಒಂದೇ ಕೋಣೆ, ಒಂದೇ ಸಾಬೂನು ಹಂಚಿಕೊಂಡ ಬೌಲರನ ಹೆಸರು ಕೀಪರನಿಗೆ ಏನು ಮಾಡಿದರೂ ನೆನಪಾಗಲಿಲ್ಲ. "ಇದ್ದಿಲು ಅಂತಲೇ ಬರ್ಸಿ. ಎಲ್ಲರಿಗೂ ಗೊತ್ತಾಗತ್ತೆ" ಎಂದುಬಿಟ್ಟ. ಇವತ್ತು ಅಂಗಡಿಯಲ್ಲಿ ಆ ಚಿನ್ನದ ಅಕ್ಷರ ಕಣ್ಣಿಗೆ ಬಿದ್ದಾಗ ಮಾತ್ರ ಮೈಯೆಲ್ಲ ಮುಳ್ಳೆದ್ದಿತು.

"ಪ್ರೀತಿಯಿಂದ ಕರೀತಿದ್ದದ್ದು ಕಣೋ," ಎಂದ ಕ್ಯಾಪ್ಟನ್. "ನನ್ನನ್ನ ಸೊಟ್ಟಮೂಗ ಅಂತಿರ್ಲಿಲ್ವಾ? ನಾನೇನು ಅತ್ತೆನಾ?"

"ನಿನ್ನ ಮೂಗು ಸೊಟ್ಟ ಆಗಿದ್ದು ಚೆಂಡು ಬಡಿದು. ಅವನ ಬಣ್ಣ ಅವರಪ್ಪ ಅಮ್ಮ ಕೊಟ್ಟಿದ್ದು."

"ಓಹೋ! ಎಪ್ಪತ್ತು ವರ್ಷಕ್ಕೆ ಬುದ್ಧಿ ಬಂತು ನೋಡು. ಹೆಸರಿಟ್ಟೋನು ನೀನೇ, ಈಗ ಉಪದೇಶ ಮಾಡೋನೂ ನೀನೇ."

ಕೀಪರ್ ತಲೆ ಬಗ್ಗಿಸಿ ಗಂಟನ್ನು ಹಲ್ಲಿನಿಂದ ಕಚ್ಚಿ ಎಳೆದ. ರಿಬ್ಬನ್ ಕಿತ್ತು ಬಂತು. ಮುದುರಿ ಕೋಟಿನ ಜೇಬಿಗೆ ತುರುಕಿಕೊಂಡ.

*

ಆ ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಬಂದವನನ್ನು ಮೊದಲ ದಿನ ಬೆಂಚಿನ ಮೇಲೆ ನಿಲ್ಲಿಸಬೇಕು. ಕೀಪರ್ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ ಒಂದು ಹೆಸರಿಡಬೇಕು. ಹೆಸರು ಒಪ್ಪಿಗೆಯಾದರೆ ಎಲ್ಲರೂ ಮೊಳೆಯ ಬೂಟುಗಳಿಂದ ನೆಲ ಕುಟ್ಟಬೇಕು. ಆಮೇಲೆ ಮೈದಾನದಂಚಿನ ಸೈಟ್ ಸ್ಕ್ರೀನಿನ ಹಲಗೆಗೆ ಬಳಿಯುವ ಬಿಳಿ ಪೇಂಟಿನಲ್ಲಿ ಅವನ ಬ್ಯಾಗಿನ ಮೇಲೆ ಆ ಹೆಸರು ಬರೆಯುವುದೂ ಕೀಪರನ ಕೆಲಸವೇ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು.

ಬೌಲರ್ ಬೆಂಚು ಹತ್ತಿದಾಗ ಅವನಿಗೆ ಇಪ್ಪತ್ತಮೂರು. ಅಜ್ಜನ ಕಾಲದಲ್ಲಿ ಬಂದರಿನ ಮೂಟೆ ಹೊರಲೆಂದು ಹಡಗಿನಲ್ಲಿ ತಂದ ಜನರ ಪೈಕಿ. ಅವರಲ್ಲಿ ಯಾರೂ ಅದುವರೆಗೆ ಆ ಕೋಣೆಯೊಳಗೆ ಬೂಟು ಬಿಚ್ಚಿರಲಿಲ್ಲ. ಹೊಸ ಬಿಳಿ ಬಟ್ಟೆ ಹಾಕಿಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಕೀಪರ್ ಎರಡು ಕ್ಷಣವೂ ಯೋಚಿಸಲಿಲ್ಲ.

"ಇದ್ದಿಲು!"

ನೆಲ ಅದುರಿತು. ಬೌಲರನೂ ನಕ್ಕ. ನಗದೆ ಇನ್ನೇನು ಮಾಡಬೇಕಿತ್ತು? ಅಲ್ಲಿಂದ ಮುಂದೆ ಮಾತು ಬೆಳೆಯುತ್ತ ಹೋಯಿತು. ಗ್ರೂಪ್ ಫೋಟೋ ತೆಗೆಯುವಾಗ, "ಇದ್ದಿಲೇ, ಹಲ್ಲು ತೋರ್ಸೋ, ಇಲ್ದಿದ್ರೆ ನಿನ್ನ ಜಾಗ ಖಾಲಿ ಅಂದ್ಕೋತಾರೆ." ಸಂಜೆ ಬೆಳಕು ಕಡಿಮೆಯಾದರೆ, "ಅಂಪೈರೇ, ಬೌಲರ್ರೇ ಕಾಣ್ತಿಲ್ಲ, ಆಟ ನಿಲ್ಸಿ." ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲಿ ಜೊತೆಗೆ ನಗುತ್ತಿದ್ದರೆ ಬೆಕ್ಕಿಗೆ ಅದು ಗೊತ್ತಾಗುವುದಾದರೂ ಹೇಗೆ ಎಂದು ಕೀಪರ್ ಇಷ್ಟು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

*

ಬೌಲರನ ಮನೆಯ ಬಾಗಿಲ ಮೇಲೆ ಹಿತ್ತಾಳೆಯ ಹೆಸರಿನ ಫಲಕವಿತ್ತು. ಕೀಪರ್ ಅದನ್ನು ಎರಡು ಸಲ ಓದಿದ. ಓದಿದ ಮೇಲೂ ಆ ಹೆಸರಿಗೂ ತನಗೆ ಗೊತ್ತಿದ್ದ ಮುಖಕ್ಕೂ ತಾಳೆಯಾಗಲಿಲ್ಲ. ಒಳಗೆ ಗೋಡೆಗುಂಟ ಕುರ್ಚಿಗಳಲ್ಲಿ ಬಂದರಿನ ಗೋದಾಮಿನವರು ಕೂತಿದ್ದರು. ಆಟ ಬಿಟ್ಟ ಮೇಲೆ ಬೌಲರ್ ಇಪ್ಪತ್ತಾರು ವರ್ಷ ಅಲ್ಲಿ ತೂಕದ ಗುಮಾಸ್ತನಾಗಿದ್ದ. ಅವರೆಲ್ಲ ಅದೇ ಹೆಸರಿಗೆ 'ಅಣ್ಣ' ಸೇರಿಸಿ, ಎಷ್ಟು ಸರಾಗವಾಗಿ ಕರೆದು ಮಾತಾಡುತ್ತಿದ್ದರು!

ಮಗಳು ಎದುರು ಬಂದಳು. ನಲವತ್ತರ ಆಸುಪಾಸು, ಶಾಲೆಯಲ್ಲಿ ಲೆಕ್ಕದ ಮೇಡಂ. ತಂದೆಯ ಹಣೆ, ತಂದೆಯ ಬಣ್ಣ.

"ಕೀಪರ್ ಅಂಕಲ್ ಅಲ್ವಾ? ಬೆರಳು ನೋಡಿದ ಕೂಡ್ಲೇ ಗೊತ್ತಾಯ್ತು. ಅಪ್ಪ ನಿಮ್ಮ ವಿಷಯ ತುಂಬಾ ಹೇಳ್ತಿದ್ರು."

ಕೀಪರ್ ರಿಬ್ಬನ್ನಿದ್ದ ಜೇಬನ್ನು ಕೈಯಿಂದ ಮುಚ್ಚಿಕೊಂಡ. "ಏನ್ ಹೇಳ್ತಿದ್ರಮ್ಮ?"

"ಬನ್ನಿ, ತೋರಿಸ್ತೀನಿ."

ಕಿಟಕಿಯ ಪಕ್ಕದ ಮೇಜಿನ ಮೇಲೆ ಹಳೆಯ ಕ್ಯಾನ್ವಾಸ್ ಬ್ಯಾಗು ಇತ್ತು. ಅದರ ಮೇಲೆ ದಪ್ಪನೆಯ ನೀಲಿ ಪಟ್ಟಿ. ನೀಲಿಯ ಮೇಲೆ ಹಳದಿಯಲ್ಲಿ, ಅಷ್ಟೇನೂ ಚೆನ್ನಾಗಿಲ್ಲದ ಅಕ್ಷರದಲ್ಲಿ, 'ಮಿಂಚು' ಎಂದು ಬರೆದಿತ್ತು.

"ನೀವಿಟ್ಟ ಹೆಸರು," ಎಂದಳು ಮಗಳು. "ಮೊದಲನೇ ದಿನ ಬೆಂಚಿನ ಮೇಲೆ ನಿಲ್ಲಿಸಿ, ಇವನ ಬೌಲಿಂಗ್ ನೋಡ್ರೋ, ಮಿಂಚು ಹೊಡ್ದ ಹಾಗಿದೆ ಅಂದ್ರಂತೆ. ಎಲ್ಲರೂ ನೆಲ ಕುಟ್ಟಿದ್ರಂತೆ. ಎಷ್ಟು ಸಲ ಹೇಳಿದ್ರೂ ಅವರಿಗೆ ಸಾಕಾಗ್ತಿರ್ಲಿಲ್ಲ. ಒಳ್ಳೇ ಹೆಸರಿಟ್ರಿ ಅಂಕಲ್."

ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು ಕೀಪರನಿಗೆ. ಅವನ ಕಣ್ಣು ಆ ನೀಲಿ ಪಟ್ಟಿಯಿಂದ ಏಳಲಿಲ್ಲ. ಬಣ್ಣದ ಅಡಿಯಲ್ಲಿ ಏನೋ ಉಬ್ಬಿಕೊಂಡಿತ್ತು. ಅದೇನೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನ ನೋಟವನ್ನು ಹಿಂಬಾಲಿಸಿ ಮಗಳು ಹೇಳಿದಳು: "ಅದಾ? ಕೆಳಗಡೆ ಯಾವುದೋ ಹಳೇ ಪೇಂಟ್ ಅಂತಿದ್ರು." ಆಮೇಲೆ ದನಿ ತಗ್ಗಿಸಿದಳು. "ನಾನು ಅಪ್ಪನ ಒಂದು ಮ್ಯಾಚೂ ನೋಡಿಲ್ಲ ಅಂಕಲ್. ಆರು ವರ್ಷದೋಳಿದ್ದಾಗ ಒಂದ್ಸಲ ಹೊರಟಿದ್ವಿ. ಅಮ್ಮ ನನಗೆ ಹೊಸ ಫ್ರಾಕು ಹಾಕಿದ್ರು. ಅಷ್ಟರಲ್ಲಿ ಗ್ರೌಂಡಿಂದ ಅಪ್ಪ ಫೋನ್ ಮಾಡಿ, ಮಳೆ ಬಂದಿದೆ, ಮ್ಯಾಚ್ ಇಲ್ಲ, ಬರ್ಬೇಡಿ ಅಂದ್ರು. ಹೊರಗೆ ಬಂದು ನೋಡಿದ್ರೆ ಸುಡೋ ಬಿಸಿಲು. ಮಾರನೇ ದಿನ ಪೇಪರಿನಲ್ಲಿ ಏಳು ವಿಕೆಟ್ ಅಂತ ಬಂತು. ಯಾಕೆ ಹಾಗೆ ಮಾಡಿದ್ರೋ ಕೇಳಿದ್ರೆ ಹೇಳ್ತಾನೇ ಇರ್ಲಿಲ್ಲ. ಇವತ್ತು ಆ ಏಳು ವಿಕೆಟ್ ಕಥೆ ನೀವೇ ಹೇಳ್ಬೇಕು. ಹಿಂದೆ ನಿಂತು ನೋಡಿದೋರು ನೀವೊಬ್ರೇ."

*

ಕೀಪರನ ಬೆರಳುಗಳಿಗೆ ಪಟ್ಟಿ ಸುತ್ತುತ್ತಿದ್ದವನು ಬೌಲರನೇ. ಅವನು ಸುತ್ತಿದರೆ ಸಂಜೆಯವರೆಗೂ ಸಡಿಲಾಗುತ್ತಿರಲಿಲ್ಲ. ಆ ಮ್ಯಾಚಿನ ದಿನ ಬೆಳಿಗ್ಗೆ ಒಂದೊಂದೇ ಬೆರಳಿಗೆ ಪಟ್ಟಿ ಸುತ್ತುತ್ತ, ತಲೆಯೆತ್ತದೆ ಕೇಳಿದ್ದ:

"ಅಣ್ಣಾ, ಇವತ್ತು ಮನೆಯೋರು ಬರ್ತಿದಾರೆ. ಮಗಳೂ ಬರ್ತಾಳೆ. ಇವತ್ತೊಂದಿನ ನನ್ನ ಹೆಸರು ಹಿಡಿದು ಕರೀತೀರಾ? ಹುಡುಗರಿಗೂ ಸ್ವಲ್ಪ ಹೇಳಿ. ನೀವು ಹೇಳಿದ್ರೆ ಕೇಳ್ತಾರೆ."

"ಅಷ್ಟೇ ತಾನೇ? ಆಯ್ತು ಬಿಡೋ," ಎಂದಿದ್ದ ಕೀಪರ್.

ಹೇಳಿದ್ದನ್ನು ಮಾಡಿದ. ಬೆಂಚು ಹತ್ತಿ ಚಪ್ಪಾಳೆ ತಟ್ಟಿದ. "ಕೇಳ್ರಪ್ಪಾ! ಇದ್ದಿಲು ಮನೆಯೋರು ಬರ್ತಿದಾರಂತೆ. ಇವತ್ತೊಂದಿನ ಯಾರೂ ಇದ್ದಿಲನ್ನ ಇದ್ದಿಲು ಅನ್ಬಾರ್ದಂತೆ!" ಬೂಟುಗಳು ನೆಲ ಕುಟ್ಟಿದವು. ಯಾರೋ "ಹಾಗಾದ್ರೆ ಸುಣ್ಣ ಅನ್ನೋಣ್ವಾ?" ಎಂದ. ಇನ್ಯಾರೋ, "ಸ್ಟ್ಯಾಂಡಿನಲ್ಲಿ ಇಡೀ ಇದ್ದಿಲ ಮೂಟೆ ಕೂತಿರತ್ತಲ್ಲ, ಅವ್ರನ್ನೇನು ಕರೆಯೋದು?" ಎಂದ. ಕೀಪರ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಬೌಲರ್ ಆ ಸಲ ನಗಲಿಲ್ಲ. ಮಿಕ್ಕ ಪಟ್ಟಿಯನ್ನು ಸುರುಳಿ ಸುತ್ತಿ ಬೆಂಚಿನ ಮೇಲಿಟ್ಟು, ಸೆಕ್ರೆಟರಿಯ ಕೋಣೆಯ ಕಡೆ ಹೋದ. ಫೋನು ಇದ್ದದ್ದು ಅಲ್ಲಿ. ಯಾಕೆ ಹೋದನೆಂದು ಯಾರೂ ಕೇಳಲಿಲ್ಲ.

*

ಕೀಪರ್ ನೀರು ಕೇಳುವ ನೆಪದಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದ. ಬೌಲರನ ಹೆಂಡತಿ ಒಬ್ಬಳೇ ನಿಂತು ಲೋಟಗಳನ್ನು ಒರೆಸಿಡುತ್ತಿದ್ದಳು. ಅವನನ್ನು ನೋಡಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಡಲಿಲ್ಲ.

"ಅಮ್ಮಾ, ಒಂದು ಮಾತು," ಎಂದು ತಡವರಿಸಿದ. "ಆ ಹೆಸರಿನ ವಿಷಯ. ನಿಜವಾಗಿ ನಾನು..."

"ಗೊತ್ತು." ಆಕೆ ಇನ್ನೊಂದು ಲೋಟ ಎತ್ತಿಕೊಂಡಳು. "ಆಡ್ತಿದ್ದಷ್ಟು ವರ್ಷ ಆ ಬ್ಯಾಗನ್ನ ಮನೆಗೆ ತರ್ತಾನೇ ಇರ್ಲಿಲ್ಲ. ಆಟ ಬಿಟ್ಟ ದಿನ ತಂದ್ರು. ಹಿತ್ತಲಲ್ಲಿ ಕೂತ್ಕೊಂಡು ಮೂರು ದಿನ ಸೀಮೆಎಣ್ಣೆ ಹಾಕಿ ಉಜ್ಜಿದ್ರು. ಹೋಗ್ಲಿಲ್ಲ. ಒಳ್ಳೇ ಪೇಂಟು ಅದು."

"ಮಗಳಿಗೆ ಇವತ್ತು ಎಲ್ಲಾ ಹೇಳ್ಬಿಡ್ತೀನಮ್ಮ. ಎಲ್ಲರ ಮುಂದೆ ತಪ್ಪು ಒಪ್ಕೋತೀನಿ. ಇಲ್ದಿದ್ರೆ ನನಗೆ..."

"ನಿಮಗೆ ಹಗುರ ಆಗತ್ತೆ. ನನಗೂ ಗೊತ್ತು." ಆಕೆಯ ದನಿ ಏರಲಿಲ್ಲ. "ಅವರು ಮಗಳಿಗೋಸ್ಕರ ಒಂದು ಹೆಸರು ಮಾಡಿಟ್ಟು ಹೋಗಿದಾರೆ. ಅದನ್ನ ಕಿತ್ಕೋಬೇಡಿ. ನಿಮ್ಮ ಭಾರ ತಂದು ನಮ್ಮ ಮನೇಲಿ ಇಳಿಸ್ಬೇಡಿ."

ಕ್ಷಮೆ ಕೇಳುವ ದಾರಿಯೂ ಮುಚ್ಚಿತು. ಆಕೆ ಅದೇ ಲೋಟಕ್ಕೆ ನೀರು ತುಂಬಿ ಅವನ ಕೈಗೆ ಕೊಟ್ಟಳು.

ಆಮೇಲೆ ಎಲ್ಲರೂ ಸೇರಿದ, ಸ್ಮಶಾನದ ಪಕ್ಕದ ಹಾಲ್ ಚಿಕ್ಕದು. ಮುಂದೆ ಮುಚ್ಚಿದ ಪೆಟ್ಟಿಗೆ, ಅದರ ಬುಡದಲ್ಲಿ ಕ್ಲಬ್ಬಿನ ಬೋಳು ಪುಷ್ಪಚಕ್ರ. ಪಕ್ಕದ ಸ್ಟೂಲಿನ ಮೇಲೆ ಮಗಳು ತಂದಿಟ್ಟ ಬ್ಯಾಗು. ಕಡೆಯ ಸಾಲಿನಲ್ಲಿ ಕ್ಯಾಪ್ಟನ್ ಮತ್ತು ಹಳೆಯ ತಂಡದವರು ನಾಲ್ಕೈದು ಮಂದಿ. ಬರುವಾಗ ಕಾರಿನಲ್ಲಿ ಕೀಪರ್, "ಅಲ್ಲಿ ಯಾರ ಬಾಯಲ್ಲೂ ಆ ಹೆಸರು ಬರ್ಬಾರ್ದು" ಎಂದು ಎರಡು ಸಲ ಹೇಳಿದ್ದ. "ಆಯ್ತಪ್ಪಾ, ಬಾಯಿಗೆ ಬೀಗ" ಎಂದಿದ್ದ ಕ್ಯಾಪ್ಟನ್.

"ಅಪ್ಪನಿಗೆ ಮಿಂಚು ಅಂತ ಹೆಸರಿಟ್ಟೋರು ಇವರೇ," ಎಂದು ಮಗಳು ಪರಿಚಯಿಸಿದಳು. ಗೋದಾಮಿನವರು ಕೀಪರನನ್ನು ಗೌರವದಿಂದ ನೋಡಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವನು ಮಾತು ಶುರುಮಾಡಿದ. ಮೊದಲು ತಡವರಿಸಿದರೂ, ವಿಕೆಟ್ಟುಗಳ ವಿಷಯ ಬಂದ ಮೇಲೆ ಮಾತು ತಾನಾಗಿ ಹರಿಯಿತು. ಆ ದಿನ ಬೌಲರ್ ಯಾರೊಂದಿಗೂ ಮಾತಾಡಲಿಲ್ಲ. ವಿಕೆಟ್ ಬಿದ್ದಾಗಲೂ ಯಾರ ಹತ್ತಿರವೂ ಬರದೆ ಓಟ ಶುರುಮಾಡುವ ತನ್ನ ಗುರುತಿಗೆ ನಡೆದುಹೋಗುತ್ತಿದ್ದ. ಪ್ರತಿ ಓವರಿಗೂ ಕೀಪರ್ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕಾಯಿತು. ಏಳನೆಯದು ಬ್ಯಾಟಿನ ಅಂಚಿಗೆ ತಾಗಿ ಬಂದಾಗ ಅವನ ಕಿರುಬೆರಳು ಮುರಿಯಿತು.

"ಇದೇ ಬೆರಳು." ಎತ್ತಿ ತೋರಿಸಿದ. "ಚೆಂಡು ಬಿಡ್ಲಿಲ್ಲ. ಆಟ ಮುಗಿದ ಮೇಲೆ ಅವರೇ ಬಂದು, ಒಂದು ಮಾತೂ ಆಡದೆ ಇದಕ್ಕೆ ಪಟ್ಟಿ ಕಟ್ಟಿದ್ರು. ನಾನಾಗಿದ್ರೆ ಕಟ್ತಿರ್ಲಿಲ್ಲ. ಅಂಥ ಮಿಂಚನ್ನ ನಾನು ಇನ್ನೊಂದು ಸಲ ನೋಡ್ಲಿಲ್ಲ."

ಮಗಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಆಕೆಯ ತಾಯಿ ಕೀಪರನ ಕಡೆ ಒಮ್ಮೆ ನೋಡಿ ಸಣ್ಣಗೆ ತಲೆಯಾಡಿಸಿದಳು. ಅಷ್ಟಕ್ಕೆ ಮುಗಿದಿದ್ದರೆ ಆಗುತ್ತಿತ್ತು.

ಆದರೆ ಕಡೆಯ ಸಾಲಿನಲ್ಲಿ ಕ್ಯಾಪ್ಟನ್ ಎದ್ದು ನಿಂತಿದ್ದ. ಕಣ್ಣು ತುಂಬಿ, ಸೊಟ್ಟಮೂಗು ಕೆಂಪಾಗಿತ್ತು. ಅವನು ಪೂರ್ತಿ ಆ ಹಳೆಯ ಮೈದಾನದಲ್ಲೇ ಇದ್ದ. ಬೂಟಿನಿಂದ ನೆಲ ಕುಟ್ಟಿ, ಮನಸಾರೆ ಕೂಗಿದ:

"ಶಹಬ್ಬಾಸ್, ಇದ್ದಿಲೇ!"

ಅಭ್ಯಾಸಬಲ. ಪಕ್ಕದಲ್ಲಿದ್ದ ಇಬ್ಬರ ಬೂಟುಗಳೂ ಅರ್ಧ ಎದ್ದು, ಹಾಗೆಯೇ ನಿಂತವು. ಕ್ಯಾಪ್ಟನ್ ಬಾಯಿ ತೆರೆದವನು ಮುಚ್ಚಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗೋದಾಮಿನವರು ಹಿಂತಿರುಗಿ ನೋಡಿದರು. ಮಗಳೂ ತಿರುಗಿದಳು.

"ಯಾರದು, ಇದ್ದಿಲು?"

ತಂಡದವರೆಲ್ಲ ತಲೆ ತಗ್ಗಿಸಿದರು. ತಾಯಿ ಕಣ್ಣು ಮುಚ್ಚಿಕೊಂಡಳು. ಕೀಪರನ ಕೈ ಇನ್ನೂ ಕಿರುಬೆರಳು ತೋರಿಸಿದ ಹಾಗೆ ಮೇಲೆಯೇ ಇತ್ತು.

"ನಾನಮ್ಮ," ಎಂದ. "ನನ್ನನ್ನ ಹಾಗೆ ಕರೀತಿದ್ರು."

ಮಗಳು ಅವನ ಮುಖ ನೋಡಿದಳು. ಹತ್ತು ನಿಮಿಷ ಬಿಸಿಲಿಗೆ ನಿಂತರೆ ಕೆಂಪಾಗುವ, ಮೂಗಿಗೆ ಮುಲಾಮು ಹಚ್ಚಿಕೊಂಡೇ ಹದಿನೆಂಟು ವರ್ಷ ಆಡಿದ ಬೆಳ್ಳನೆಯ ಮುಖ ಅದು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸ್ಟೂಲಿನ ಕಡೆ ಬಾಗಿ, ಮಕ್ಕಳ ಲೆಕ್ಕದಲ್ಲಿ ತಪ್ಪು ಹುಡುಕುವವಳ ಹಾಗೆ, ಬ್ಯಾಗಿನ ನೀಲಿ ಪಟ್ಟಿಯ ಮೇಲೆ ಬೆರಳಿಟ್ಟಳು. ಬೆರಳು ಬಣ್ಣದ ಅಡಿಯ ಉಬ್ಬನ್ನು ಹಿಡಿದು ಮೆಲ್ಲಗೆ ಸರಿಯಿತು. ಮುತ್ತು ಪೋಣಿಸಿದಂಥ ಮೊದಲ ಅಕ್ಷರವನ್ನು ಸುತ್ತಿ ಮುಗಿಸಿ, ಎರಡನೆಯದರ ಮೇಲೆ ಬಂದು ನಿಂತಿತು.