ನಲವತ್ತು ಗ್ರಾಂ ಕಡಿಮೆ

ನಾನು ಒಂದು ಕಿಲೋ ತೂಕದ ಕಲ್ಲು. ಹೆಸರಿಗೆ ಕಲ್ಲು, ಮೈಯೆಲ್ಲ ಕಬ್ಬಿಣ. ಈಗ ಒಂದು ಕಿಲೋ ಕೂಡ ಇಲ್ಲ, ಬಿಡಿ. ಆ ಕಥೆಯನ್ನೇ ಹೇಳಲು ಹೊರಟಿದ್ದೇನೆ. ಸಿಟ್ಟಿನಲ್ಲಿ ನಾಲ್ಕು ಮಾತು ಹೆಚ್ಚಾದರೆ ಸೈರಿಸಿಕೊಳ್ಳಿ.

ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚಿನೊಳಗೆ ನನ್ನನ್ನು ಕೆಂಪಗೆ ಸುರಿದರು. ಆರಿದ ಮೇಲೆ ಆರು ಮೂಲೆಯ ಗಟ್ಟಿ ಆಳಾಗಿ ಹೊರಗೆ ಬಂದೆ. ಹುಟ್ಟುವಾಗ ನಾವೆಲ್ಲ ಸ್ವಲ್ಪ ಕಡಿಮೆಯೇ ಇರುತ್ತೇವೆ. ಅದಕ್ಕೆಂದೇ ತಳದಲ್ಲಿ ಒಂದು ಕುಳಿ ಬಿಟ್ಟಿರುತ್ತಾರೆ. ಅದರೊಳಗೆ ಸೀಸ ಹೊಯ್ದು, ತೂಗಿ ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸರಿಗಟ್ಟುತ್ತಾರೆ. ಆಮೇಲೆ ಆ ಸೀಸದ ಮೇಲೆ ಸರಕಾರದವರು ಮುದ್ರೆ ಒತ್ತುತ್ತಾರೆ. ಮುದ್ರೆ ಬಿದ್ದ ದಿನ ನಾನು ಎಷ್ಟು ಬೀಗಿದ್ದೆ ಎಂದರೆ, ಪಕ್ಕದಲ್ಲಿದ್ದ ಎರಡು ಕಿಲೋದವನನ್ನೂ ಮಾತಾಡಿಸಲಿಲ್ಲ.

ನನ್ನನ್ನು ಕೊಂಡವರು ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಗುರುಸಿದ್ದಪ್ಪ. ಪೇಟೆ ಬೀದಿಯಲ್ಲಿ ಅವರದು ಒಂದೇ ಬಾಗಿಲಿನ ಅಂಗಡಿ. ಬೆಲ್ಲದಂಗಡಿಯ ಬಾಳು ಸುಖದ್ದಲ್ಲ. ಮೈಯೆಲ್ಲ ಅಂಟು, ಅಂಟಿನ ಹಿಂದೆ ಇರುವೆಗಳ ಸಾಲು. ಆದರೆ ಗುರುಸಿದ್ದಪ್ಪ ದಿನಾ ಬೆಳಿಗ್ಗೆ ನನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಳ ತಿರುಗಿಸಿ ನೋಡಿ, ಹಣೆಗೆ ಒತ್ತಿಕೊಂಡೇ ತಕ್ಕಡಿಗೆ ಇಡುತ್ತಿದ್ದರು. ಎರಡು ವರ್ಷಕ್ಕೊಮ್ಮೆ ತಾವೇ ಚೀಲದಲ್ಲಿ ಹೊತ್ತೊಯ್ದು ಹೊಸ ಮುದ್ರೆ ಹಾಕಿಸಿ ತರುತ್ತಿದ್ದರು. ಮುದ್ರೆಯ ಜೊತೆ ಕೊಡುವ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ದೇವರ ಫೋಟೋದ ಪಕ್ಕ ತೂಗುಹಾಕಿದ್ದರು.

ಅವರಿಗೆ ಇಬ್ಬರು ಮಕ್ಕಳು. ಹಿರಿಯವಳು ಸಾತವ್ವ, ಕಿರಿಯವನು ಚನಮಲ್ಲ. ಚನಮಲ್ಲನಿಗೆ ಬೆಲ್ಲದ ಅಂಟು ಆಗದು. ಇಚಲಕರಂಜಿಗೆ ಹೋಗಿ ಟೆಂಪೋ ಓಡಿಸುತ್ತೇನೆಂದು ಹೊರಟುಬಿಟ್ಟ. ಸಾತವ್ವನನ್ನು ಇದೇ ಊರಿಗೆ, ನಾಲ್ಕು ಓಣಿ ಆಚೆ ಕೊಟ್ಟಿದ್ದರು. ಅವಳು ದಿನಾ ಬಂದು ಅಪ್ಪನ ಪಕ್ಕ ಕೂತು ತೂಗುವುದನ್ನು ಕಲಿತಳು. ಕೊನೆಗಾಲದಲ್ಲಿ ಗುರುಸಿದ್ದಪ್ಪ ಅಂಗಡಿಯನ್ನು, ಸರ್ಟಿಫಿಕೇಟನ್ನು ಅವಳ ಹೆಸರಿಗೇ ಮಾಡಿಸಿದರು. ನನ್ನನ್ನು ಎತ್ತಿ ಅವಳ ಅಂಗೈ ಮೇಲೆ ಇಟ್ಟು ಹೇಳಿದರು:

“ಸಾತೂ, ಇದರ ಮ್ಯಾಲ ಯಾರಿಗೂ ಕೈ ಹಾಕಾಕ ಬಿಡಬ್ಯಾಡವ್ವಾ. ಇದೊಂದ ನೆಟ್ಟಗಿದ್ರ ಸಾಕು, ಪೇಟ್ಯಾಗ ತಲಿ ಎತ್ತಿ ನಡೀಬಹುದು.”

ಸಾತವ್ವ ತಲೆ ಎತ್ತಿಯೇ ನಡೆದಳು. ಅವಳ ಕೈ ಎಂಥ ಕೈ ಅಂತೀರಿ! ಬೆಲ್ಲದ ಪೆಂಟಿಯನ್ನು ಮಚ್ಚಿನಿಂದ ಒಡೆದು ತಟ್ಟೆಗೆ ಹಾಕಿದರೆ ಮೊದಲ ಸಲಕ್ಕೇ ಮುಳ್ಳು ನಡುವೆ ನಿಲ್ಲುತ್ತಿತ್ತು. ತೂಕ ಸರಿಯಾದ ಮೇಲೆ ಇನ್ನೊಂದು ಚೂರು ಮುರಿದು ಮೇಲಿಡುವಳು. “ತಗೋರಿ, ಕೊಸರು.” ಕೊಸರು ಇಲ್ಲದೆ ಒಬ್ಬ ಗಿರಾಕಿಯೂ ಮೆಟ್ಟಿಲು ಇಳಿದವನಲ್ಲ. ಸಾತವ್ವನ ಅಂಗಡಿ ಎಂದರೆ ಸರಿ ತೂಕ ಮತ್ತು ಮೇಲೊಂದು ಚೂರು, ಅಷ್ಟು ಮಾತು ಇಡೀ ಪೇಟೆಗೆ ಗೊತ್ತಿತ್ತು. ಅವಳಿಗೆ ಇದ್ದ ಆಸ್ತಿಯೂ ಅದೊಂದೇ ಹೆಸರು.

ಹೀಗಿರುವಾಗ ಚನಮಲ್ಲ ಊರಿಗೆ ಮರಳಿದ. ಟೆಂಪೋ ಹೋಗಿತ್ತು, ಹೊಟ್ಟೆ ಬಂದಿತ್ತು. ಅದೇ ಹೊತ್ತಿಗೆ ಸಾತವ್ವನ ಅತ್ತೆ ಹಾಸಿಗೆ ಹಿಡಿದಿದ್ದರು. ಮಧ್ಯಾಹ್ನ ಮನೆಗೆ ಹೋಗಿ ಅವರಿಗೆ ಉಣಿಸಿ, ಮಗ್ಗುಲು ತಿರುಗಿಸಿ ಬರಬೇಕಾಗಿತ್ತು. “ಅಕ್ಕಾ, ನೀ ಹೋಗಿ ಬಾ. ಮಧ್ಯಾಹ್ನ ನಾ ಕೂಡತೇನಿ” ಅಂದ ಚನಮಲ್ಲ. ಸಾತವ್ವನ ಕಣ್ಣಲ್ಲಿ ನೀರು ಬಂತು. ತಮ್ಮ ದಾರಿಗೆ ಬಂದ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು, ಪಾಪ.

ಅವನು ಕೂತ ಮೂರನೆಯ ವಾರ ಇರಬೇಕು. ಸುಡು ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಚನಮಲ್ಲ ಶಟರ್ ಅರ್ಧ ಎಳೆದ. ನನ್ನನ್ನು ಕಾಲ ನಡುವೆ ಕವುಚಿಕೊಂಡು ಸಣ್ಣ ಉಳಿಯಿಂದ ತಳದ ಸೀಸವನ್ನು ಮೆಲ್ಲಗೆ ಕಿತ್ತ. ಮುದ್ರೆ ಇದ್ದ ತೆಳು ಬಿಲ್ಲೆಯನ್ನು ಮಾತ್ರ ಉಳಿಸಿ, ಅದರ ಕೆಳಗಿನ ಸೀಸವನ್ನೆಲ್ಲ ಕೊಯ್ದು ತೆಗೆದ. ಅಂಗಡಿಯ ಡ್ರಾದಲ್ಲಿ ಗುರುಸಿದ್ದಪ್ಪನ ಕಾಲದ ಕೆಂಪು ಅರಗಿನ ತುಂಡು ಇತ್ತು; ಪಾರ್ಸಲ್‌ಗಳಿಗೆ ಮುದ್ರೆ ಹಾಕಲು ತಂದದ್ದು. ಅದನ್ನು ಕರಗಿಸಿ ಕುಳಿಗೆ ತುಂಬಿ, ಮೇಲೆ ಬಿಲ್ಲೆ ಒತ್ತಿ ಕೂರಿಸಿ, ಬೆಲ್ಲದ ಅಂಟು ಸವರಿದ. ನೋಡಿದವರಿಗೆ ಮುದ್ರೆ ಮುದ್ರೆಯ ಜಾಗದಲ್ಲೇ ಇತ್ತು.

“ಆಕೀ ಮುಂಜಾನೆ ಕೊಸರ ಅಂತ ಚೆಲ್ಲಿದ್ದನ್ನ ನಾ ಮಧ್ಯಾಹ್ನ ಬಳಕೋತೇನಿ” ಎಂದು ನನಗೇ ಹೇಳಿದ. “ಅಪ್ಪ ಅಂಗಡಿ ಯಾರಿಗೆ ಕೊಡಬೇಕಾಗಿತ್ತು, ಯಾರಿಗೆ ಕೊಟ್ಟ!”

ನನಗೆ ನೋವಾಗಲಿಲ್ಲ, ಕಬ್ಬಿಣಕ್ಕೆ ಎಲ್ಲಿಯ ನೋವು? ಆದರೆ ನಾಚಿಕೆಯಾಯಿತು. ನಲವತ್ತು ಗ್ರಾಂ ಹೋಗಿತ್ತು. ಇನ್ನು ಮೇಲೆ ಪ್ರತಿ ಸಲ ತಕ್ಕಡಿಯಲ್ಲಿ ಕೂತಾಗಲೂ ನಾನು ಸುಳ್ಳು ಹೇಳಬೇಕಿತ್ತು. ಬಾಯಿ ಇಲ್ಲದವನ ಕೈಯಲ್ಲಿ ಸುಳ್ಳು ಹೇಳಿಸುವುದು ಎಂಥ ಹೀನ ಕೆಲಸ, ಥೂ!

ಮರುದಿನ ಬೆಳಿಗ್ಗೆ ಸಾತವ್ವ ನನ್ನನ್ನು ಎತ್ತಿದಳು. ಎತ್ತಿದ ಕೈ ಅರೆಗಳಿಗೆ ನಿಂತಿತು. ಗೊತ್ತಾಯಿತು, ಇವಳಿಗೆ ಗೊತ್ತಾಯಿತು! ಇಪ್ಪತ್ತು ವರ್ಷ ನನ್ನನ್ನು ಎತ್ತಿ ಇಳಿಸಿದ ಕೈಗೆ ಗೊತ್ತಾಗದೆ ಇರುತ್ತದೆಯೇ? ಅವಳು ನನ್ನನ್ನು ತಿರುವಿದಳು. ಮುದ್ರೆಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಸುಮ್ಮನೆ ತಟ್ಟೆಗೆ ಇಟ್ಟು ತೂಗಿದಳು. ಆವತ್ತು ಅವಳು ಕೊಟ್ಟ ಕೊಸರು ಎಂದಿಗಿಂತ ದೊಡ್ಡದಿತ್ತು. ತಮ್ಮ ಬಂದ ಖುಷಿ ಇರಬೇಕು ಎಂದುಕೊಂಡೆ. ನಾನೆಂಥ ಮಂಕ!

ದಿನಾ ಮಧ್ಯಾಹ್ನ ಬರುವ ಗಿರಾಕಿ ಒಬ್ಬನಿದ್ದ, ದಾವಲಸಾಬ. ಅಂಟಿನುಂಡೆ ಮಾಡಿ ಮಾರುವವನು. ದಿನಕ್ಕೆ ಒಂದೇ ಬಾಣಲೆ, ಬಾಣಲೆಗೆ ಸರಿಯಾಗಿ ಒಂದು ಕಿಲೋ ಬೆಲ್ಲ. ಮಧ್ಯಾಹ್ನ ಕೊಸರು ಕೊಡುವವರು ಯಾರು? ಚನಮಲ್ಲ ಕೈ ಬಿಗಿ ಹಿಡಿದು ತೂಗಿ ಕಳಿಸುತ್ತಿದ್ದ. ದಾವಲಸಾಬನ ಉಂಡೆ ಕಟ್ಟಲು ಕೂಡದೆ ಉದುರತೊಡಗಿತು.

“ಚನಮಲ್ಲಣ್ಣಾ, ಪಾಕ ಸಾಲವಲ್ದು. ಬೆಲ್ಲ ಕಡಿಮಿ ಬೀಳಾಕತ್ತೇತಿ. ಅಕ್ಕಾರಿಗೆ ಒಂದ್ ಮಾತ ಹೇಳ್ರಿ” ಎಂದ ಒಂದು ದಿನ.

“ಬ್ಯಾಸಗಿ ಅಲ್ಲೇನ್ ಸಾಬರ, ಬೆಲ್ಲ ಆರತೈತಿ. ಹೇಳ್ತೇನಿ ಬಿಡ್ರಿ.”

ಹೇಳಲಿಲ್ಲ. ಹತ್ತು ದಿನ ಬಿಟ್ಟು ದಾವಲಸಾಬ ಮತ್ತೆ ಬಂದ. ಈ ಸಲ ಬೇರೆ ಕಡೆ ತೂಗಿಸಿಕೊಂಡೇ ಬಂದಿದ್ದ. ಚನಮಲ್ಲ ಆಗಲೂ ಹೇಳ್ತೇನಿ ಎಂದ, ಆಗಲೂ ಹೇಳಲಿಲ್ಲ. ದಾವಲಸಾಬ ಒಂದು ಹಾಳೆಯ ಮೇಲೆ ದೂರು ಬರೆದು ತೂಕ-ಅಳತೆ ಇಲಾಖೆಗೆ ಕೊಟ್ಟ.

ಗುರುವಾರ ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದರು. ಮೈಸೂರು ಕಡೆಯವರು, ಮೆಲುದನಿಯ ಮನುಷ್ಯ. ಸಾತವ್ವ ಅತ್ತೆಗೆ ಉಣಿಸಿ ಆಗತಾನೆ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಚನಮಲ್ಲ ಗಲ್ಲೆಯ ಮೇಲೆಯೇ ಇದ್ದ. ಹಿಂದೆ ದಾವಲಸಾಬ ತಲೆ ತಗ್ಗಿಸಿ ನಿಂತಿದ್ದ. ಇನ್ಸ್‌ಪೆಕ್ಟರ್ ತಮ್ಮ ಪೆಟ್ಟಿಗೆಯಿಂದ ಥಳಥಳ ಹೊಳೆಯುವ ಹಿತ್ತಾಳೆಯ ಒಂದು ಕಿಲೋ ತೆಗೆದು ಒಂದು ತಟ್ಟೆಗೆ ಇಟ್ಟರು. ಇನ್ನೊಂದಕ್ಕೆ ನನ್ನನ್ನು. ಅವನು ಕೆಳಗೆ ಹೋದ, ನಾನು ಮೇಲೆ ಎದ್ದೆ. ಪೇಟೆಯ ಜನರೆಲ್ಲ ನೋಡುತ್ತಿರುವಾಗ, ಬೆಲ್ಲದ ಅಂಟು ಹತ್ತಿಕೊಂಡು, ಗಾಳಿಯಲ್ಲಿ ನೇತಾಡುತ್ತ ಕೂತೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಇನ್ಸ್‌ಪೆಕ್ಟರ್ ನನ್ನ ತಳವನ್ನು ಮೊಳೆಯಿಂದ ಮೀಟಿದರು. ಬಿಲ್ಲೆ ಟಪ್ಪೆಂದು ಕೆಳಗೆ ಬಿತ್ತು. ಒಳಗೆ ಕೆಂಪು ಅರಗು.

ಸಾತವ್ವ ಮೊದಲು ನೋಡಿದ್ದು ದಾವಲಸಾಬನನ್ನು. “ಸಾಬರ, ಇಷ್ಟ ವರ್ಷದ ಗಿರಾಕಿ ನೀವು. ನನಗ ಒಂದ್ ಮಾತ ಹೇಳಬಾರದಿತ್ತೇನ್ರಿ?”

“ಎರಡ್ ಸಲ ಹೇಳಿ ಕಳಿಸೇನ್ರಿ ಅಕ್ಕಾರ. ನಿಮ್ಮ ತಮ್ಮನ ಕೈಯಾಗ.”

ಆಗ ಅವಳು ತಮ್ಮನ ಕಡೆ ತಿರುಗಿದಳು. “ಚನ್ನೂ, ಈ ಅರಗು ಎಲ್ಲೀದೋ?”

ಚನಮಲ್ಲ ಹೆಗಲ ಮೇಲಿನ ಟವೆಲ್ ಕೊಡವಿದ. ಅಕ್ಕನಿಗೆ ಉತ್ತರ ಕೊಡದೆ ಇನ್ಸ್‌ಪೆಕ್ಟರ್‌ಗೆ ಹೇಳಿದ: “ನನಗೇನ ಗೊತ್ತರಿ ಸಾಹೇಬ್ರ. ಅಂಗಡಿ ಆಕೀದು, ಸರ್ಟಿಫಿಕೇಟ್ ಆಕೀ ಹೆಸರಲೇ ಐತಿ, ನೋಡ್ರಿ ಅಲ್ಲಿ. ನಾ ಬರೇ ಮಧ್ಯಾಹ್ನ ಕೂಡಾಂವ.”

ಬೆರಳು ಮಾಡಿ ತೋರಿಸಿದ, ಅಪ್ಪ ಗಾಜು ಹಾಕಿಸಿದ ಸರ್ಟಿಫಿಕೇಟನ್ನೇ. ಅವನ ನಾಲಿಗೆಗೆ ಹುಳ ಬೀಳಲಿ ಎಂದು ನಾನು ಶಪಿಸಿದೆ. ಅಕ್ಕ ಇಕ್ಕಿದ ಅನ್ನ ಇನ್ನೂ ಅವನ ಹೊಟ್ಟೆಯಲ್ಲಿ ಅರಗಿರಲಿಲ್ಲ.

ಮೆಟ್ಟಿಲ ಮೇಲೆ ಜನ ಜಮಾಯಿಸಿದ್ದರು. ಪಕ್ಕದ ಕಿರಾಣಿ ಅಂಗಡಿಯವನು ತಡೆಯಲಾರದೆ ಕೇಳಿಯೇಬಿಟ್ಟ: “ಹಂಗಾರ ಸಾಹೇಬ್ರ, ಕೆಲಸಕ್ಕ ಕೂತಾಂವ ಮಾಡಿದ್ರೂ ಮಾಲಕರ ಮ್ಯಾಲೇ ಕೇಸೇನ್ರಿ?”

“ಸರ್ಟಿಫಿಕೇಟ್ ಯಾರ ಹೆಸರಲ್ಲಿದೆಯೋ ಮೊದಲು ಅವರನ್ನೇ ಕೇಳೋದು” ಎಂದರು ಇನ್ಸ್‌ಪೆಕ್ಟರ್. “ಗಿರಾಕಿಗೆ ಅಂಗಡಿ ಗೊತ್ತು, ಒಳಗಿನ ಜಗಳ ಗೊತ್ತಿರಲ್ಲ ನೋಡಿ.” ಆಮೇಲೆ ಸಾತವ್ವನ ಕಡೆ ತಿರುಗಿ ದನಿ ಇನ್ನೂ ತಗ್ಗಿಸಿದರು. “ಅಮ್ಮಾ, ನಿಮಗೆ ಗೊತ್ತಿಲ್ಲದೆ ಬೇರೆ ಯಾರೋ ಮಾಡಿದ್ದರೆ ಹೇಳಿಕೆ ಕೊಡಿ. ನಿಮಗೆ ಗೊತ್ತೇ ಇರಲಿಲ್ಲ, ಎಚ್ಚರವಾಗೇ ಇದ್ರಿ ಅಂತ ಆದರೆ ನಿಮ್ಮ ಹೆಸರು ಉಳಿಯತ್ತೆ. ಗೊತ್ತಿತ್ತಾ ನಿಮಗೆ?”

ಇಲ್ಲ ಅನ್ನು ತಾಯೀ, ಇಲ್ಲ ಅಂದುಬಿಡು! ನಾನು ಒಳಗೊಳಗೇ ಕೂಗಿದೆ. ಒಂದೇ ಮಾತು, ಹೆಸರು ಉಳಿಯುತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ ಎಂದೇ ನಾನೂ ನಂಬಿದ್ದೆ.

ಸಾತವ್ವ ಕೈ ಚಾಚಿ ನನ್ನನ್ನು ತಟ್ಟೆಯಿಂದ ಎತ್ತಿಕೊಂಡಳು. ಅಂಗೈ ಮೇಲೆ ಎರಡು ಸಲ ಏರಿಸಿ ಇಳಿಸಿದಳು.

“ಬರಕೋರಿ ಸಾಹೇಬ್ರ” ಅಂದಳು. “ಅರಗು ತುಂಬಿದಾಂವ ನನ್ನ ತಮ್ಮ. ನಾ ಕಣ್ಣಿಲೆ ಕಂಡಿಲ್ಲ, ಆದ್ರ ಈ ಡ್ರಾಕ್ಕ ಕೈ ಹಾಕಾವ್ರು ನಾವಿಬ್ಬರೇ. ಇನ್ನ ನನ್ನ ಮಾತು. ಒಂದಿನ ಮುಂಜಾನೆ ಎತ್ತಿದಾಗ ಕೈಗೆ ಹಗುರ ಅನಿಸಿತ್ರಿ. ಮುದ್ರಿ ಐತಲ್ಲ ಅಂತ ಸಮಾಧಾನ ಮಾಡಕೊಂಡೆ. ಖರೇ ಹೇಳಬೇಕಂದ್ರ, ಬೇರೆ ಕಡೆ ತೂಗಿಸಿ ನೋಡಾಕ ಹೆದರಿದೆ. ತಮ್ಮನ ಮ್ಯಾಲ ಸಂಶಯ ಬಂದ್ರ ಹೆಂಗ ಅಂತ. ಅವತ್ತಿನಿಂದ ಕೊಸರು ದೊಡ್ಡದು ಮಾಡೇನಿ. ಗಿರಾಕಿಗೆ ಕಡಿಮಿ ಆಗಬಾರದಲ್ರಿ.”

ದಾವಲಸಾಬ ಮೆಲ್ಲಗೆ ಅಂದ: “ನಾ ಮಧ್ಯಾಹ್ನ ಬರಾಂವರಿ ಅಕ್ಕಾರ.”

ಸಾತವ್ವನ ಮುಖ ಆಗ ಸಣ್ಣದಾಯಿತು. ಮಧ್ಯಾಹ್ನದವರನ್ನು ಅವಳು ಮರೆತೇಬಿಟ್ಟಿದ್ದಳು.

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. “ಕೊಸರು ಕೊಟ್ಟರೆ ಕಲ್ಲು ಸರಿಯಾಗಲ್ಲಮ್ಮ” ಎಂದು ಹೇಳಿ, ಅವಳು ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಂಡರು. ಅಣ್ಣ-ತಂಗಿಯರ, ಅಕ್ಕ-ತಮ್ಮಂದಿರ ನಡುವಿನದನ್ನು ಬರೆಯಲು ಆ ಫಾರಮ್ಮಿನಲ್ಲಿ ಜಾಗವಿರಲಿಲ್ಲ. ಸಾತವ್ವ ರುಜು ಹಾಕಿದಳು. ಚನಮಲ್ಲನೂ ಹಾಕಬೇಕಾಯಿತು. ನನ್ನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಸರಕಾರಿ ಮುದ್ರೆ ಒತ್ತಿದರು. ಯಾವುದರಿಂದ ಗೊತ್ತೇ? ಕೆಂಪು ಅರಗಿನಿಂದ.

ಈಗ ನಾನು ಇಲಾಖೆಯ ಕಚೇರಿಯ ಒಂದು ತುಕ್ಕು ಹಿಡಿದ ಕಪಾಟಿನಲ್ಲಿದ್ದೇನೆ. ಕೇಸು ಮುಗಿದು ವರ್ಷಗಳಾದವು. ಇಬ್ಬರೂ ದಂಡ ಕಟ್ಟಿದರು. ಬಟ್ಟೆ ಬಿಚ್ಚಿದ್ದಾರೆ, ಕೊರಳಿಗೆ ಕಟ್ಟಿದ ಚೀಟಿ ಬಿಚ್ಚಿಲ್ಲ. ಅದರಲ್ಲಿ ‘ಸುಳ್ಳು ತೂಕ’ ಎಂದಿದೆ, ಅದರ ಕೆಳಗೆ ಸಾತವ್ವನ ಹೆಸರು. ಗ್ರಾಹಕರ ದಿನ ಬಂದರೆ ನನ್ನನ್ನು ಸಭೆಗೆ ಒಯ್ದು, ತಳ ತೋರಿಸಿ, ಮೋಸ ಎಂದರೆ ಹೀಗಿರುತ್ತದೆ ನೋಡಿ ಎಂದು ಎತ್ತಿ ಹಿಡಿಯುತ್ತಾರೆ. ಜನ ಚೀಟಿ ಓದಿ ಥೂ ಎನ್ನುತ್ತಾರೆ.

ಹೋದ ತಿಂಗಳು ದಾವಲಸಾಬ ತನ್ನ ತಕ್ಕಡಿಗೆ ಮುದ್ರೆ ಹಾಕಿಸಲು ಬಂದಿದ್ದ. ಗುಮಾಸ್ತರು ಮಹಾಲಿಂಗಪುರದ ಸುದ್ದಿ ಕೇಳಿದರು. ಹೇಳಿದ: ಚನಮಲ್ಲ ಅಕ್ಕನ ಅಂಗಡಿಯ ಎದುರಿಗೇ ತನ್ನದೊಂದು ಬೆಲ್ಲದಂಗಡಿ ಹಾಕಿದ್ದಾನಂತೆ. ಬಂದವರಿಗೆಲ್ಲ ಕೈತುಂಬ ಕೊಸರು ಕೊಡುತ್ತಾನಂತೆ. ಅಲ್ಲಿ ಕಾಲಿಡಲು ಜಾಗವಿಲ್ಲವಂತೆ.

“ಮತ್ತ ಸಾತವ್ವಾರು?” ಎಂದರು ಗುಮಾಸ್ತರು.

“ಕರೆಂಟಿನ ತಕ್ಕಡಿ ತಂದಾರ್ರಿ. ಒಂದ್ ಗ್ರಾಂ ಹೆಚ್ಚಿಲ್ಲ, ಒಂದ್ ಗ್ರಾಂ ಕಡಿಮಿ ಇಲ್ಲ. ನಾ ಮೊನ್ನೆ ನಗಸಾಕಂತ, ಒಂದ್ ಚೂರ ಕೊಸರು ಹಾಕ್ರಿ ಅಕ್ಕಾರ ಅಂದೆ. ‘ಬ್ಯಾಡ್ರಿ ಸಾಬರ, ಕೊಸರು ಕೊಟ್ರ ಈಗ ಜನ ಇಲ್ಲದ ಕಲ್ಲಿನ ತಳ ನೋಡತಾರ’ ಅಂದ್ರು.”

ಕಪಾಟಿನ ಬಾಗಿಲು ಮುಚ್ಚಿದ ಮೇಲೆ ಇದನ್ನೇ ಯೋಚಿಸುತ್ತ ಕೂರುತ್ತೇನೆ. ಚನಮಲ್ಲನ ಮೇಲಿನ ಸಿಟ್ಟು ಹಳೆಯದು, ಅದು ತುಕ್ಕಿನ ಜೊತೆ ಉದುರಿದರೂ ಉದುರೀತು. ಆ ಬೆಳಿಗ್ಗೆ ಮಾತ್ರ ನನ್ನನ್ನು ಬಿಡುವುದಿಲ್ಲ. ಅವಳ ಕೈಗೆ ಗೊತ್ತಾಗಿತ್ತು. ಗೊತ್ತಾಗಿಯೂ ನನ್ನನ್ನು ತಟ್ಟೆಗೆ ಇಟ್ಟಳು. ಆವತ್ತು ಒಮ್ಮೆ ಪಕ್ಕದ ಕಿರಾಣಿ ಅಂಗಡಿಗೆ ಒಯ್ದು ತೂಗಿಸಿದ್ದರೆ, ಮತ್ತೆ ಸೀಸ ತುಂಬಿಸಿಕೊಂಡು ನಾನು ಇವತ್ತಿಗೂ ಒಂದು ಕಿಲೋ ಇರುತ್ತಿದ್ದೆ, ಸಾತವ್ವ ಇವತ್ತಿಗೂ ಕೊಸರು ಕೊಡುತ್ತಿದ್ದಳು.