ಕೊನೆಯ ಗುಟುಕು

ನಮ್ಮ ಅತ್ತೆ ರತ್ನಪ್ರಭಾ ಅವರಿಗೆ ಆಸ್ತಿ ಅಂತ ಇದ್ದದ್ದು ಒಬ್ಬ ಅಜ್ಜ, ಅಷ್ಟೇ. ಬ್ರಿಟಿಷರ ಕಾಲದಲ್ಲಿ ಕರಾವಳಿಯ ಒಂದು ಮಿಷನ್ ಚರ್ಚಿನಲ್ಲಿ ಪಾದ್ರಿಗೆ ನೆರವಾಗುವ ಸಭಾಸೇವಕರಾಗಿದ್ದ ಯಾಕೋಬಜ್ಜ. ದೆಹಲಿಯ ಪೀತಮ್‌ಪುರದ ನಮ್ಮ ಫ್ಲ್ಯಾಟಿಗೆ ಯಾರೇ ಬರಲಿ, ಆ ಕಥೆ ಕೇಳದೆ ಹೋಗುವಂತಿರಲಿಲ್ಲ. ಗ್ಯಾಸ್ ತರುವ ಭಯ್ಯಾ ಕೂಡ ಕೇಳಿದ್ದಾನೆ. ಅವನಿಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು. ಆದರೂ ಪಾಪ, ತಲೆಯಾಡಿಸುತ್ತಿದ್ದ.

2006ರ ಚಳಿಗಾಲದಲ್ಲಿ ನನ್ನ ಮಗಳು ಸ್ನೇಹಲತಾಳನ್ನು ನೋಡಲು ಗುರ್‌ಗಾಂವಿನಿಂದ ಅಭಿಷೇಕ್ ಮತ್ತು ಅವನ ತಾಯಿ ಪಂಕಜಾ ಬಂದರು. ಹುಡುಗ ಹುಡುಗಿ ಒಂದೇ ಕಚೇರಿಯವರು, ಮೊದಲೇ ಒಪ್ಪಿಕೊಂಡವರು. ನೋಡುವ ಶಾಸ್ತ್ರ ಹೆಸರಿಗೆ ಮಾತ್ರ. ಪಂಕಜಾ ಅವರದು ತಲೆಮಾರುಗಳಿಂದ ಕನ್ನಡ ಕ್ರೈಸ್ತ ಮನೆತನ, ಆದರೆ ಮೂಲದಲ್ಲಿ ಬ್ರಾಹ್ಮಣರು ಎಂಬುದನ್ನು ಕೂತ ಐದೇ ನಿಮಿಷಕ್ಕೆ ತಿಳಿಸಿದರು. ದೀಕ್ಷಾಸ್ನಾನದಲ್ಲಿ ಪಾಪ ತೊಳೆದುಹೋಗುತ್ತದಂತೆ. ಜಾತಿಗೆ ಮಾತ್ರ ಆ ನೀರು ತಾಗುವುದಿಲ್ಲ.

ಅತ್ತೆ ಬಿಡುತ್ತಾರೆಯೇ? "ನಮ್ಮ ಯಾಕೋಬಜ್ಜ ಎಂಥ ವಿನಯದವರು ಗೊತ್ತುಂಟಾ? ಪ್ರಭುಭೋಜನದಲ್ಲಿ ಇಡೀ ಸಭೆ ಕುಡಿದಾದ ಮೇಲೆ ದ್ರಾಕ್ಷಾರಸದ ಪಾತ್ರೆಯ ಕೊನೆಯ ಗುಟುಕು ಅವರದು. ಸಾಯುವವರೆಗೆ ಒಮ್ಮೆಯೂ ಮೊದಲು ಕುಡಿದವರಲ್ಲ."

ಪಂಕಜಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಮೆಲ್ಲನೆ ಟೀಪಾಯಿಯ ಮೇಲಿಟ್ಟರು. "ಆಗ ಎಲ್ಲರಿಗೂ ಒಂದೇ ಪಾತ್ರೆ ಅಲ್ವಾ ಅಮ್ಮ? ಮೊದಲು ಮೇಲ್ಜಾತಿಯಿಂದ ಬಂದವರು, ಕೊನೆಗೆ ಯಾರು ಅಂತ ನಮ್ಮ ತಾತ ಹೇಳ್ತಿದ್ರು. ಕೊನೆಯವರನ್ನು ಮೊದಲು ಕುಡಿಯಲು ಬಿಟ್ಟರೆ ತಾನೇ!"

ಉಳಿದ ರಸವನ್ನು ಚೆಲ್ಲಬಾರದು, ಅದನ್ನು ಕುಡಿದು ಮುಗಿಸುವುದು ಸಭಾಸೇವಕನ ಕೆಲಸ ಎಂದು ನಾನು ಹೇಳಿ ನೋಡಿದೆ. ಯಾವುದು ನಿಜವೋ ನನಗೂ ಗೊತ್ತಿರಲಿಲ್ಲ, ನಿಜ ಬೇಕಾಗಿದ್ದವರೂ ಅಲ್ಲಿರಲಿಲ್ಲ. ಚಹಾ ಹಾಗೇ ಉಳಿಯಿತು.

ಮರುದಿನ ಅಭಿಷೇಕ್ ಫೋನ್ ಮಾಡಿ ಮಮ್ಮಿ ಒಪ್ಪುತ್ತಿಲ್ಲ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಮನೆಯವರೆಲ್ಲ ಅತ್ತೆಯ ಮೇಲೆ ಬಿದ್ದರು. ನನ್ನ ಗಂಡ ಅನೂಪ್, ಎಂದೂ ತಾಯಿಗೆ ಎದುರಾಡದ ಸಾಧು, ಒಂದು ಉಪಾಯ ಹುಡುಕಿದ.

"ಅಮ್ಮ, ಆತ ನಿನ್ನ ಅಜ್ಜನೇ ಅಲ್ಲ ಅಂತ ಹೇಳಿಬಿಡು. ಅಷ್ಟೇ. ಸತ್ತವರಿಗೆ ಏನು ನಷ್ಟ?"

"ನನ್ನನ್ನು ಎತ್ತಿ ಆಡಿಸಿದವರು ಕಣೋ," ಎಂದರು ಅತ್ತೆ.

ಸ್ನೇಹಲತಾ ಅವರ ಕಾಲು ಹಿಡಿದಳು. "ಅಜ್ಜೀ, ಪ್ಲೀಸ್ ನಾ. ಮೇರೇ ಲಿಯೇ." ನನಗೋಸ್ಕರ ಎಂಬಷ್ಟು ಹಿಂದಿ ಅತ್ತೆಗೆ ಅರ್ಥವಾಯಿತು.

ಭಾನುವಾರ ಗುರ್‌ಗಾಂವಿಗೆ ಹೋದೆವು. ಪಂಕಜಾ ಅವರ ಸೋಫಾದ ತುದಿಯಲ್ಲಿ ಕೂತು ಅತ್ತೆ ಪಾಠ ಒಪ್ಪಿಸಿದರು. "ಯಾಕೋಬಜ್ಜ ನಮ್ಮವರಲ್ಲ. ಪಕ್ಕದ ಮನೆಯವರು. ದೊಡ್ಡಸ್ತಿಕೆಗೆ ಹೇಳಿಕೊಂಡೆ."

"ಅಚ್ಛಾ. ಹಾಗಾದರೆ ನಿಮ್ಮ ಅಜ್ಜ ಯಾರು?"

ಇಷ್ಟು ಸಣ್ಣ ಪ್ರಶ್ನೆಯನ್ನು ನಾವ್ಯಾರೂ ಯೋಚಿಸಿರಲಿಲ್ಲ. ಅತ್ತೆ ಮಗನ ಮುಖ ನೋಡಿದರು. ಮಗ ಫ್ಯಾನು ನೋಡಿದ.

ಪಂಕಜಾ ನಕ್ಕರು. ಆ ನಗು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. "ಜಾತಿ ಕಡಿಮೆ ಅಂದರೂ ನಮ್ಮವರನ್ನು ಹೇಗಾದರೂ ಒಪ್ಪಿಸ್ತಿದ್ದೆ. ಸ್ವಂತ ಅಜ್ಜನನ್ನೇ ಬಿಟ್ಟುಕೊಟ್ಟವರು ನಾಳೆ ನಮ್ಮನ್ನು ಉಳಿಸ್ತೀರಾ? ಬೇಡಮ್ಮ, ಈ ಸಂಬಂಧ ಬೇಡ." ಅಭಿಷೇಕ್ ಮೊಬೈಲಿನ ಗುಂಡಿ ಒತ್ತುತ್ತ ಕೂತಿದ್ದ. ತಲೆ ಎತ್ತಲಿಲ್ಲ.

ಟ್ಯಾಕ್ಸಿಯಲ್ಲಿ ಅನೂಪ್ ಮುಂದೆ ಕೂತ. ಹಿಂದೆ ನಾವು ಮೂವರು. ಮಗಳು ಅಳುತ್ತಿದ್ದಳು. ಧೌಲಾ ಕುವಾಂ ದಾಟುವಾಗ ಅತ್ತೆ ಅವಳ ಬೆನ್ನು ಸವರಲು ಕೈ ಚಾಚಿದರು.

ಸ್ನೇಹಲತಾ ಬಾಗಿಲಿನ ಕಡೆಗೆ ಸರಿದಳು. "ಛೀ, ಮುಟ್ಟಬೇಡಿ ನನ್ನನ್ನು."

ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ, ಅವಳ ಸಂಕಟವೂ ನನಗೆ ಗೊತ್ತಿತ್ತು. ಅತ್ತೆ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡರು. ಮನೆ ಬಂದ ಮೇಲೂ ಹೊರಗೆ ತೆಗೆಯಲಿಲ್ಲ. ಟ್ಯಾಕ್ಸಿಯಿಂದ ಇಳಿಸಲು ನಾನು ಕೈ ಕೊಟ್ಟರೆ, "ಬೇಡ ಸುಮಿತ್ರಾ, ನಿನಗೆ ತಾಗೀತು," ಎಂದರು.