ಒಂದೂವರೆ ಸೆಂಟಿಮೀಟರ್

ಎರಡು ವರ್ಷ ಸರಿಯಾಗಿ ಕೂರುತ್ತಿದ್ದ ಹೆಲ್ಮೆಟ್ ಇದ್ದಕ್ಕಿದ್ದಂತೆ ಬಿಗಿಯಾಗುತ್ತಿದೆ ಎಂದು ರೇವಂತ್ ನಮ್ಮ ಅಂಗಡಿಗೆ ಬಂದದ್ದು ಶನಿವಾರ ಬೆಳಿಗ್ಗೆ, ಹನ್ನೊಂದರ ಹೊತ್ತಿಗೆ. ಮರುದಿನ ಮಧ್ಯಾಹ್ನ ಅವನಿಗೆ ರೇಸ್ ಇತ್ತು.

ತಿಲಕ್ ನಗರದ ನಮ್ಮ ಅಂಗಡಿಯಲ್ಲಿ ಕುದುರೆ ಸವಾರರ ಹೆಲ್ಮೆಟ್, ಎದೆಗವಚ, ಬೂಟುಗಳನ್ನು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಅಪ್ಪ ಚನ್ನಬಸವಯ್ಯ ಅಳತೆ ತೆಗೆಯುವಾಗ ಮಾತಾಡುವುದಿಲ್ಲ. ಸವಾರನೂ ಮಾತಾಡಕೂಡದು, ದವಡೆ ಆಡಿದರೆ ಗದ್ದದ ಪಟ್ಟಿಯ ಲೆಕ್ಕ ತಪ್ಪುತ್ತದೆ. ಎಂ.ಎ. ಮುಗಿಸಿದ ನಾನು ಈ ಅಂಗಡಿಯಲ್ಲೇ ಉಳಿದುಕೊಂಡಿದ್ದಕ್ಕೆ ಆ ಮೌನವೂ ಒಂದು ಕಾರಣವಿರಬೇಕು. ಅಂದು ಅಪ್ಪ ವಸಂತಪುರಕ್ಕೆ ಯಾರದೋ ಮದುವೆಗೆ ಹೋಗಿದ್ದರು.

ರೇವಂತ್ ಹೊಸಕೆರೆಹಳ್ಳಿಯವನು. ಇಪ್ಪತ್ಮೂರು ವರ್ಷ, ನಲವತ್ತೊಂಬತ್ತು ಕೇಜಿ. ಅವನ ಅಕ್ಕ ಸೌಮ್ಯ ಸ್ಕೂಟರ್‌ನಲ್ಲಿ ಕೂರಿಸಿಕೊಂಡು ಬಂದಿದ್ದಳು.

"ನಾಳೆ ಸಖತ್ ಕುದುರೆಯಂತೆ ಅಂಜನಾ. ಅದು ಸಿಕ್ಕಿದಾಗಿಂದ ಸಾಹೇಬ್ರನ್ನ ಮನೇಲಿ ಮಾತಾಡಿಸೋ ಹಂಗೇ ಇಲ್ಲ. ಇವತ್ತು ತಿಂಡೀನೂ ಮುಟ್ಟಿಲ್ಲ," ಎಂದಳು ನನಗೆ.

"ತೂಕ ಜಾಸ್ತಿ ಆಗುತ್ತೆ ಕಣೇ," ಎಂದ ರೇವಂತ್.

ಪ್ರತಿ ಸವಾರನಿಗೂ ನಮ್ಮಲ್ಲಿ ಒಂದು ಅಳತೆಯ ಕಾರ್ಡ್ ಇರುತ್ತದೆ. ಅವನದನ್ನು ತೆಗೆದು ನೋಡಿದೆ: ತಲೆಯ ಸುತ್ತಳತೆ ಐವತ್ತೈದು. ಟೇಪನ್ನು ಹುಬ್ಬಿನ ಮೇಲಿಂದ ಹಿಂದಕ್ಕೆ ಸುತ್ತಿ ತಂದೆ. ಐವತ್ತಾರೂವರೆ. ಟೇಪು ಜಾರಿರಬೇಕೆಂದು ಮತ್ತೆ ಸುತ್ತಿದೆ. ಐವತ್ತಾರೂವರೆಯೇ.

ಇಪ್ಪತ್ಮೂರಕ್ಕೆ ಯಾರ ತಲೆಬುರುಡೆಯೂ ಬೆಳೆಯುವುದಿಲ್ಲ.

ಕೂದಲಿನೊಳಗೆ ಬೆರಳಾಡಿಸಿದೆ. ಎಡಗಿವಿಯ ಮೇಲೆ ಅಂಗೈಯಷ್ಟಗಲ ಜಾಗ, ನೀರು ಕುಡಿದ ಸ್ಪಂಜಿನಂತೆ ಮೆತ್ತಗೆ ಒಳಗಿಳಿಯಿತು. ಅವನು ನೋವೆನ್ನಲಿಲ್ಲ. ನನಗೆ ಭಯವಾದದ್ದು ಅದಕ್ಕೆ.

"ಬಿದ್ಯಾ?" ಎಂದು ಕೇಳಿದೆ, ಅವನಿಗಷ್ಟೇ ಕೇಳುವಂತೆ.

ಕನ್ನಡಿಯಲ್ಲಿ ನನ್ನ ಕಣ್ಣು ಹುಡುಕಿದ. ಬೂಟುಗಳನ್ನು ನೋಡುತ್ತಿದ್ದ ಅಕ್ಕನ ಕಡೆ ಹುಬ್ಬಿನಲ್ಲೇ ತೋರಿಸಿ, ಬೇಡ ಎಂದು ತಲೆಯಾಡಿಸಿದ.

ನನಗೆ ಅರ್ಥವಾಯಿತು. ಬಿದ್ದದ್ದು ಗೊತ್ತಾದರೆ ರೇಸ್ ಕ್ಲಬ್ಬಿನ ಡಾಕ್ಟರು ಮೂರು ವಾರ ಕುದುರೆ ಹತ್ತಲು ಬಿಡುವುದಿಲ್ಲ. ಕೊನೆಯಲ್ಲಿ ಬರುವ ಕುದುರೆಗಳನ್ನೇ ಎಂಟು ತಿಂಗಳು ಓಡಿಸಿದವನಿಗೆ ಈಗ ಗೆಲ್ಲುವಂಥದ್ದು ಸಿಕ್ಕಿತ್ತು. ನಾನು ಬಾಯಿಬಿಟ್ಟರೆ ನಾಳೆ ಅದರ ಮೇಲೆ ಇನ್ನೊಬ್ಬ ಕೂತಿರುತ್ತಾನೆ.

ಅವನ ಹಳೆಯ ಹೆಲ್ಮೆಟ್ಟನ್ನು ತಿರುಗಿಸಿ ಒಳಬಟ್ಟೆ ಎಳೆದೆ. ಹೊರಗೆ ಗೀರೂ ಇರಲಿಲ್ಲ. ಒಳಗಿನ ಬಿಳಿ ಫೋಮ್ ಎಡಭಾಗದಲ್ಲಿ ತಟ್ಟೆಯಂತೆ ಚಪ್ಪಟೆಯಾಗಿ ಉದ್ದಕ್ಕೆ ಸೀಳಿತ್ತು. ಬಟ್ಟೆಯನ್ನು ಮತ್ತೆ ಮುಚ್ಚಿದೆ. ಕಪಾಟಿನಿಂದ ಐವತ್ತೇಳರ ಹೊಸ ಹೆಲ್ಮೆಟ್ ತೆಗೆದೆ.

ಏಕೆ ತೆಗೆದೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಕೈಗೆ ಪಳಗಿದ ಕೆಲಸ. ಮಾಡುತ್ತಾ ಹೋದರೆ ಮಾತಾಡಬೇಕಾಗಿ ಬರುವುದಿಲ್ಲ.

ತೊಡಿಸಿದೆ. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಸರಿಯಾದ ಹೆಲ್ಮೆಟ್ ಆದರೆ ಹಣೆಯ ಚರ್ಮವೂ ಅದರ ಜೊತೆ ಸರಿಯಬೇಕು. ಸರಿಯಿತು. ಗದ್ದದ ಪಟ್ಟಿಯಡಿ ಎರಡು ಬೆರಳು ಹಿಡಿಯಿತು. ಅಷ್ಟು ಚೆನ್ನಾಗಿ ಕೂತ ಹೆಲ್ಮೆಟ್ಟನ್ನು ನಾನು ಆ ವರ್ಷ ನೋಡಿರಲಿಲ್ಲ.

"ಮ್ಯಾಚಿಂಗ್ ಜಾಕೆಟ್ಟೂ ಕೊಡಿಸ್ಬಿಡ್ತೀನಿ, ಗೆದ್ದು ತೀರಿಸ್ಲಿ," ಎಂದಳು ಸೌಮ್ಯ.

ಅವಳು ಜಾಕೆಟ್ ಎಂದ ಎದೆಗವಚವನ್ನೂ ಅವನಿಗೆ ಕಟ್ಟಿದೆ. ಬಾಗಿ ಕೂತಾಗ ಅದರ ಅಂಚು ಜೀನಿಗೆ ತಗುಲಬಾರದು. ಅದನ್ನು ನೋಡಲೆಂದೇ ಅಂಗಡಿಯ ಮಧ್ಯೆ ಜೀನು ಕಟ್ಟಿದ ಮರದ ಕುದುರೆಯೊಂದಿದೆ. "ಹತ್ತು," ಎಂದೆ.

ರೇವಂತ್ ಕುದುರೆಯ ಮುಂದಿನಿಂದ ಬಳಸಿ ಬಲಗಡೆಗೆ ಹೋಗಿ ನಿಂತ. ಬಲಗಾಲೆತ್ತಿ, ಕಾಲಿಟ್ಟು ಹತ್ತುವ ರಿಕಾಪನ್ನು ಹುಡುಕಿದ. ಕುದುರೆ ಹತ್ತುವವರು ಯಾರೂ ಬಲಗಡೆಯಿಂದ ಹತ್ತುವುದಿಲ್ಲ. ಮೊದಲ ದಿನ ಕಲಿಸುವ ಪಾಠವೇ ಅದು.

ಸೌಮ್ಯ ಜೋರಾಗಿ ನಕ್ಕಳು. "ಲೋ ಜಾಕಿ, ನಂಗೂ ಗೊತ್ತು, ಎಡಗಡೆಯಿಂದ ಕಣೋ!"

ಅವನು ಕುದುರೆಯನ್ನು ನೋಡಿದ, ಅವಳನ್ನು ನೋಡಿದ. "ಎಡಗಡೆ ಯಾವ್ದು?"

ಅವಳು ಇನ್ನೂ ನಗುತ್ತಲೇ ಇದ್ದಳು. ಅವನು ತಮಾಷೆ ಮಾಡುತ್ತಿಲ್ಲವೆಂದು ತಿಳಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು.

"ಸೌಮ್ಯ, ಇವ್ನು ಬಿದ್ದಿದಾನೆ. ತಲೆಗೆ ಏಟಾಗಿದೆ."

"ಅಂಜನಕ್ಕ, ಸುಮ್ನಿರಿ!" ಅವನ ದನಿ ಮಾತ್ರ ಚುರುಕಾಗಿತ್ತು. "ಬೆಳಿಗ್ಗೆ ಆರಕ್ಕೆ ಆಗಿದ್ದು. ಕುದುರೆ ನೋಡ್ಕೊಳ್ಳೋ ಪಿಳ್ಳಣ್ಣ ಒಬ್ನೇ ಕಂಡಿದ್ದು, ಅವ್ನೇ ಬಾಯಿ ಬಿಟ್ಟಿಲ್ಲ. ನಿಮಗ್ಯಾಕೆ?"

ಕತ್ತರಿ ತೆಗೆದುಕೊಂಡು ಹಳೆಯ ಹೆಲ್ಮೆಟ್ಟಿನ ಪಟ್ಟಿಯನ್ನು ಎರಡೂ ಕಡೆ ಕತ್ತರಿಸಿದೆ. ಒಡೆದದ್ದನ್ನು ಮತ್ತೆ ಯಾರೂ ಹಾಕಿಕೊಳ್ಳಬಾರದೆಂದು ಅಪ್ಪ ಮಾಡುವುದು ಹೀಗೇ. "ಹೊಸದನ್ನೂ ಕೊಡಲ್ಲ. ಬಿಚ್ಚು."

"ಬೇಡ ಬಿಡಿ. ಚೈತನ್ಯಂದು ಇಸ್ಕೋತೀನಿ. ಅವನ್ದು ದೊಡ್ಡದು."

ಚೈತನ್ಯ ಅವನ ಜೊತೆಯ ಸವಾರ. ಅವನ ಹೆಲ್ಮೆಟ್ ಐವತ್ತೇಳು. ಅಳತೆ ತೆಗೆದವಳು ನಾನೇ. ಅದು ಇವನಿಗೆ ಕೂರುತ್ತದೆ, ನಾಳೆ ಯಾರೂ ಏನೂ ಕೇಳುವುದಿಲ್ಲ.

ರೇವಂತ್ ಬಕಲ್ ಬಿಚ್ಚಲು ಹೋದ. ಬೆರಳುಗಳು ಅದರ ಪಕ್ಕದಲ್ಲಿ, ಕೊರಳಿನ ಮೇಲೆ, ಏನನ್ನೋ ಬಿಚ್ಚುತ್ತಲೇ ಇದ್ದವು. ಸೌಮ್ಯ ಓಡಿಬಂದು ಬಿಚ್ಚಿದಳು. ಅವನು ಅವಳ ಹೆಗಲ ಮೇಲೆ ವಾಂತಿ ಮಾಡಿಕೊಂಡ.

ಆಟೋದಲ್ಲಿ ಅವನನ್ನು ಮಧ್ಯೆ ಕೂರಿಸಿಕೊಂಡೆವು. ಜಯನಗರದ ಸಿಗ್ನಲ್ ದಾಟುವ ಹೊತ್ತಿಗೆ ಅವನು ಮಾತಾಡುವುದನ್ನು ನಿಲ್ಲಿಸಿದ್ದ. ಸೌಮ್ಯ ಕೆನ್ನೆ ತಟ್ಟುತ್ತಿದ್ದಳು. "ಲೋ, ಕಣ್ ಬಿಡೋ. ಮಗಾ, ಇಲ್ ನೋಡೋ." ಒಂದು ಕಣ್ಣು ಮಾತ್ರ ತೆರೆದುಕೊಂಡಿತು.

ಎಮರ್ಜೆನ್ಸಿಯಲ್ಲಿ ಅವನನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ಕಾಗದ ಹಿಡಿದ ನರ್ಸ್ ನಾವಿಬ್ಬರು ಕೂತಿದ್ದ ಕುರ್ಚಿಗಳ ಬಳಿ ಬಂದು ನಿಂತರು.

"ಬಿದ್ದು ಎಷ್ಟೊತ್ತಾಯ್ತು?"

"ಬೆಳಿಗ್ಗೆ ಆರಕ್ಕಂತೆ," ಎಂದೆ.

"ನಿಮಗ್ ಯಾವಾಗ್ ಗೊತ್ತಾಯ್ತು?"

ತನಗೆ ಗೊತ್ತೇ ಇರಲಿಲ್ಲವೆಂದು ಹೇಳಲು ಸೌಮ್ಯ ಬಾಯಿ ತೆರೆದಳು. ನಾನು ಅಡ್ಡ ಬಂದೆ.

"ಹನ್ನೊಂದು ಹತ್ತಕ್ಕೆ. ನಂಗೆ."

ನರ್ಸ್ ಗೋಡೆಯ ಗಡಿಯಾರ ನೋಡಿದರು. ಹನ್ನೆರಡು ದಾಟಿತ್ತು. "ಇಷ್ಟೊತ್ತು ಏನ್ ಮಾಡ್ತಿದ್ರಿ?"

"ಹೆಲ್ಮೆಟ್ ಸರಿಯಾಗಿ ಕೂರುತ್ತಾ ನೋಡ್ತಿದ್ದೆ," ಎಂದೆ.

ಅವರು ಅದನ್ನು ಬರೆದುಕೊಳ್ಳಲಿಲ್ಲ. ಸೌಮ್ಯ ಮಾತ್ರ ನನ್ನ ಪಕ್ಕದಿಂದ ಎದ್ದು, ಎದುರಿನ ಸಾಲಿನ ಕೊನೆಯ ಕುರ್ಚಿಗೆ ಹೋಗಿ ಕೂತಳು.